ಪ್ರವಾಸವೂ ಅನ್ನದ ವೆಚ್ಚವೂ

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಅಶೋಕಶಾಸನಗಳನ್ನು ರೈಸ್ ಮಹಾಶಯರು 1892ರಲ್ಲಿ ಬೆಳಕಿಗೆ ತಂದರು. ಅವುಗಳಲ್ಲಿ ಕಾಣುವ 256 ಎಂಬ ಅಂಕವು ಅರಸನು ಪ್ರವಾಸದಲ್ಲಿ ಕಳೆದ ರಾತ್ರಿಗಳೆಂದು ಹಲವು ವಿದ್ವಾಂಸರ ಮತ. ಅರಸನಿಗೆ ಭಂಡಾರವುಂಟು, ಗೃಹಸ್ಥನಿಗಾದರೋ ಮೂರು ದಿನದ ಪ್ರವಾಸಕ್ಕೂ ಲೆಕ್ಕ ಬೇಕು.

ನಾವು ಇದನ್ನು ಕಲಿತುದು ಅಲ್ಲಿಯೇ. ಹಲವು ವರ್ಷಗಳ ಹಿಂದೆ ಆ ಶಾಸನಗಳನ್ನೂ ಸಮೀಪದ ಜಟಿಂಗ ರಾಮೇಶ್ವರನನ್ನೂ ನೋಡಲು ಸಕುಟುಂಬರಾಗಿ ಹೋಗಿದ್ದೆವು. ಮೊದಲ ದಿನ ಹೋಟೆಲಿನಲ್ಲಿ ಮಕ್ಕಳು ಕೇಳಿದುದನ್ನೆಲ್ಲ ಕೊಡಿಸಿದೆವು. ಮೂರನೆಯ ದಿನ ಬಸ್ಸಿನ ಹಣವನ್ನು ತೆಗೆದಿರಿಸಲು, ಉಳಿದುದು ನಾಲ್ವರ ಊಟಕ್ಕಷ್ಟೇ, ನಾವು ಐವರು. ನಮ್ಮ ಮನೆಯವರು "ಇಂದು ನನಗೆ ಉಪವಾಸ" ಎಂದರು. ಅಂದು ಏಕಾದಶಿಯಲ್ಲವೆಂಬುದನ್ನು ನಾವು ಬಲ್ಲೆವು. ತಲೆತಗ್ಗಿಸಿ ಉಂಡೆವು.

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಹೊರಡುವ ಮುನ್ನ ಹಣವನ್ನಲ್ಲ, ಊಟಗಳನ್ನು ಎಣಿಸಿರಿ. ಐವರಿಗೆ ಮೂರು ದಿನ, ದಿನಕ್ಕೆರಡು ಹೊತ್ತು ಎಂದರೆ 30 ಊಟ. ಒಣಗಿಸಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿಗಳು ಬೇಗ ಕೆಡುವವಲ್ಲ. ಬೆಳಗಿನ ಫಲಾಹಾರವಲ್ಲದೆ 10 ಊಟಗಳೂ ಈ ಬುತ್ತಿಯಿಂದಲೇ ಸಾಗುವುವು. ಮೊಸರನ್ನವನ್ನು ಮಾತ್ರ ಮೊದಲ ಹೊತ್ತಿಗೇ ಮುಗಿಸಬೇಕು. ಕೊಳ್ಳತಕ್ಕವು 20. ಅನ್ನಕ್ಕೆಂದು 2,400 ರೂಪಾಯಿ ಇದ್ದರೆ, ಅದರ ಕಾಲುಭಾಗವಾದ 600ನ್ನು ಆಪತ್ತಿಗೆಂದು ಬೇರೆ ಗಂಟಿನಲ್ಲಿಡಿರಿ. ಉಳಿದ 1,800ರಲ್ಲಿ ಊಟವೊಂದಕ್ಕೆ 90 ದೊರೆಯುವುದು. ಬಸ್ಸಿನ ಹಣವು ಇದರಲ್ಲಿ ಬೆರೆಯಕೂಡದು. ಗಂಟು ಮನೆಯಾಕೆಯ ಕೈಯಲ್ಲಿರಲಿ. ಲೆಕ್ಕವನ್ನು ದಿನದಿನವೂ ರಾತ್ರಿ ಇಬ್ಬರೂ ಕೂಡಿ ನೋಡಿರಿ.

ಕಡೆಯ ದಿನ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರೆ ಲೆಕ್ಕವು ಸರಿಯಾಯಿತೆಂದು ತಿಳಿಯಿರಿ.