ವಂತಿಗೆಯು ಭಿಕ್ಷೆಯಲ್ಲ, ನಿಕ್ಷೇಪ

ಸಂಗೀತಗಾರನೊಬ್ಬನು ಯಾವ ಕಂಪೆನಿಯ ಆಶ್ರಯವನ್ನೂ ಬೇಡದೆ ತನ್ನ ಧ್ವನಿಮುದ್ರಿಕೆಯನ್ನು ತಾನೇ ಸಿದ್ಧಪಡಿಸಬೇಕೆಂದು ಸಂಕಲ್ಪಿಸಿ, ಅದಕ್ಕೆ ತಗಲುವ ವೆಚ್ಚವನ್ನು ಕೇಳುಗರಿಂದಲೇ ಮುಂಗಡವಾಗಿ ಸಂಗ್ರಹಿಸುವ ಪದ್ಧತಿಯು ಕಳೆದ ಇಪ್ಪತ್ತೈದು ವರ್ಷಗಳಿಂದೀಚೆಗೆ ನಾನಾ ದೇಶಗಳಲ್ಲಿ ಬೇರೂರಿದೆ. ಇದಕ್ಕೆ ಕ್ರೌಡ್‌ಫಂಡಿಂಗ್ ಎಂಬ ಹೊಸ ಹೆಸರು ಬಂದಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ವಂತಿಗೆ. ಇದನ್ನು ಕಂಡು ವಿದ್ಯಾವಂತರ ಮನೆಗಳಲ್ಲಿಯೇ ಹೊರಡುವ ಆಕ್ಷೇಪವೊಂದುಂಟು: “ಹಾಡುವವನು ಹಾಡಿ ಸಂಭಾವನೆ ಪಡೆಯಲಿ, ಹಾಡುವುದಕ್ಕೆ ಮೊದಲೇ ಜೋಳಿಗೆ ಹಿಡಿದು ಹೊರಡುವುದು ಭಿಕ್ಷೆಯಲ್ಲದೆ ಮತ್ತೇನು?” ಈ ಮಾತು ಕೇಳುವುದಕ್ಕೆ ನೀತಿಯಂತೆ ತೋರುತ್ತದೆ. ವಿಚಾರಿಸಿ ನೋಡಿದರೆ ಇದರಲ್ಲಿ ನೀತಿಯೂ ಇಲ್ಲ, ನ್ಯಾಯವೂ ಇಲ್ಲ.

ಮೊದಲನೆಯದಾಗಿ, ಈ ಪದ್ಧತಿಯು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ವಿಯೆನ್ನಾ ನಗರದಲ್ಲಿ ಮೋಟ್ಸಾರ್ಟ್ ಮಹಾಶಯನು 1784ರಲ್ಲಿ ತನ್ನ ಕಚೇರಿಗಳಿಗೆ ಮುಂಚಿತವಾಗಿ ಚಂದಾ ಸಂಗ್ರಹಿಸಿ, 174 ಮಂದಿ ಚಂದಾದಾರರ ಪಟ್ಟಿಯನ್ನು ಅಭಿಮಾನದಿಂದ ತಂದೆಗೆ ಬರೆದು ಕಳುಹಿಸಿದನು. ಬೆಥೋವನ್ ತನ್ನ ಒಂದನೆಯ ಸಂಖ್ಯೆಯ ಕೃತಿಯಾದ ಮೂರು ತ್ರಿವಾದ್ಯ ರಚನೆಗಳನ್ನು 1795ರಲ್ಲಿ ಪ್ರಕಟಿಸಿದುದು 123 ಮಂದಿ ಚಂದಾದಾರರ ಹಣದ ಬಲದಿಂದ. ಇವರಿಬ್ಬರನ್ನೂ ಭಿಕ್ಷುಕರೆಂದು ಯಾರೂ ಕರೆದಿಲ್ಲ. ಆದರೆ ಇದೇ ಮೋಟ್ಸಾರ್ಟನು 1789ರಲ್ಲಿ ಮತ್ತೊಮ್ಮೆ ಪಟ್ಟಿಯನ್ನು ಹೊರಡಿಸಿದಾಗ ಅದಕ್ಕೆ ರುಜು ಹಾಕಿದವರು ವಾನ್ ಸ್ವೀಟನ್ ಎಂಬ ಪ್ರಭು ಒಬ್ಬರೇ. ಐದು ವರ್ಷಗಳಲ್ಲಿ ಅವನ ವಿದ್ಯೆ ಕುಗ್ಗಿರಲಿಲ್ಲ. ಕುಗ್ಗಿದ್ದುದು ಕೇಳುಗರ ಮನಸ್ಸು. ಆದುದರಿಂದ ಈ ಪದ್ಧತಿಯಲ್ಲಿ ಪರೀಕ್ಷೆಗೆ ಗುರಿಯಾಗುವವನು ಸಂಗೀತಗಾರನೊಬ್ಬನೇ ಅಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಎರಡನೆಯದಾಗಿ, ಆಕ್ಷೇಪಿಸುವವರೇ ದಿನವೂ ಈ ಪದ್ಧತಿಯಂತೆ ನಡೆಯುತ್ತಿದ್ದಾರೆ. ಮಾಸಪತ್ರಿಕೆಗೆ ವರ್ಷದ ಚಂದಾ ಕಟ್ಟುವ ಗೃಹಸ್ಥನು ಇನ್ನೂ ಬರೆಯದಿರುವ ಲೇಖನಗಳಿಗೆ, ಇನ್ನೂ ಅಚ್ಚಾಗದಿರುವ ಹನ್ನೆರಡು ಸಂಚಿಕೆಗಳಿಗೆ ಹಣ ಕೊಡುತ್ತಾನೆ. ಕನ್ನಡದ ಪ್ರಕಾಶಕರು ದೊಡ್ಡ ಗ್ರಂಥಗಳಿಗೆ ಪ್ರಕಟಣಪೂರ್ವ ಬೆಲೆಯನ್ನು ಗೊತ್ತುಮಾಡಿ ಮುಂಗಡ ಪಡೆಯುವುದೂ ಎಲ್ಲರಿಗೂ ತಿಳಿದದ್ದೇ. ಸಂಪಾದಕನು ಪಡೆದರೆ ಚಂದಾ, ಪ್ರಕಾಶಕನು ಪಡೆದರೆ ಮುಂಗಡ, ಹಾಡುವವನು ಪಡೆದರೆ ಮಾತ್ರ ಭಿಕ್ಷೆ ಎನ್ನುವುದು ಯಾವ ತರ್ಕ? ಮತ್ತೊಂದು ವಿಚಿತ್ರವೆಂದರೆ, ಈ ಆಕ್ಷೇಪವನ್ನು ಎತ್ತುವವರಲ್ಲಿ ಬಹುಮಂದಿ ಕೈಯಲ್ಲಿರುವ ಫೋನಿನಲ್ಲಿ ಕಾಸು ಕೊಡದೆ ದಿನವೆಲ್ಲ ಸಂಗೀತ ಕೇಳುವವರು. ಪುಕ್ಕಟೆಯಾಗಿ ಪಡೆಯುವವನು ಬೆಲೆ ಕೇಳುವವನನ್ನು ಭಿಕ್ಷುಕನೆಂದು ಕರೆದರೆ, ಭಿಕ್ಷೆ ಯಾರದೆಂಬುದನ್ನು ವಿವೇಕಿಗಳೇ ನಿರ್ಣಯಿಸಲಿ.

ಇನ್ನು ಕಂಪೆನಿಯ ಮಾರ್ಗವೇ ಗೌರವದ ಮಾರ್ಗವೆಂಬುವರಿಗೆ ಅದರ ಒಳಗುಟ್ಟು ತಿಳಿದಂತಿಲ್ಲ. ರೆಕಾರ್ಡ್ ಕಂಪೆನಿಗಳ ವಾಡಿಕೆಯ ಕರಾರಿನಲ್ಲಿ ಧ್ವನಿಮುದ್ರಣದ ವೆಚ್ಚಕ್ಕೆಂದು ಕೊಟ್ಟ ಮುಂಗಡವನ್ನು ಕಂಪೆನಿಯು ಸಂಗೀತಗಾರನ ಗೌರವಧನದಲ್ಲಿಯೇ ಮುರಿದುಕೊಳ್ಳುತ್ತದೆ. ಆ ಸಾಲ ತೀರುವ ತನಕ ಅವನಿಗೆ ಸಲ್ಲುವುದು ಶೂನ್ಯ. ತೀರಿದ ಮೇಲೆಯೂ ಮೂಲ ಮುದ್ರಣದ ಸ್ವಾಮ್ಯವು ಸಾಮಾನ್ಯವಾಗಿ ಕಂಪೆನಿಯಲ್ಲಿಯೇ ಉಳಿಯುತ್ತದೆ. ಮನೆ ಕಟ್ಟಲು ಸಾಲ ಮಾಡಿದವನು ಬಡ್ಡಿಸಹಿತವಾಗಿ ಸಾಲ ತೀರಿಸಿದ ಬಳಿಕ ಮನೆಯ ಬೀಗದ ಕೈ ಸಾಹುಕಾರನಲ್ಲಿಯೇ ಉಳಿದರೆ ಲೋಕವು ಅದನ್ನು ಅನ್ಯಾಯವೆನ್ನುವುದು. ಸಂಗೀತಗಾರನಿಗೆ ಅದೇ ಆದಾಗ ಅದನ್ನು ಅವಕಾಶವೆನ್ನುತ್ತಾರೆ!

ಈ ಬಂಧನದಿಂದ ಹೊರಬಂದವರ ಪೈಕಿ ಅಮೆರಿಕದ ಮರಿಯಾ ಶ್ನೈಡರ್ ಎಂಬಾಕೆಯ ದೃಷ್ಟಾಂತವು ಬಹಳ ಬೋಧಪ್ರದವಾದುದು. ಈಕೆ ಜಾಸ್ ಸಂಪ್ರದಾಯದ ದೊಡ್ಡ ವಾದ್ಯವೃಂದಕ್ಕೆ ಕೃತಿಗಳನ್ನು ರಚಿಸುವವಳು. ಅಂಥ ವೃಂದದ ಪ್ರತಿಯೊಬ್ಬ ವಾದಕನಿಗೂ ಸಂಭಾವನೆ ಕೊಟ್ಟು ಧ್ವನಿಮುದ್ರಣ ನಡೆಸುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಆರ್ಟಿಸ್ಟ್‌ಶೇರ್ ಎಂಬ ಸಂಸ್ಥೆಯ ಮೂಲಕ ಆಕೆ ಕೇಳುಗರಿಂದ ಮುಂಗಡ ಪಡೆದಳು. ಪ್ರತಿಯಾಗಿ, ಕೃತಿಯು ಹುಟ್ಟುವ ಬಗೆಯನ್ನೂ ಅಭ್ಯಾಸದ ಕ್ರಮವನ್ನೂ ಅವರಿಗೆ ತೋರಿಸಿಕೊಟ್ಟಳು. ಹೀಗೆ 2004ರಲ್ಲಿ ಹೊರಬಂದ ‘ಕಾನ್ಸರ್ಟ್ ಇನ್ ದಿ ಗಾರ್ಡನ್’ ಎಂಬ ಧ್ವನಿಮುದ್ರಿಕೆಗೆ 2005ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಅಂಗಡಿಗಳಲ್ಲಿ ಮಾರಾಟಕ್ಕಿಡದೆ ಅಂತರ್ಜಾಲದ ಮೂಲಕವೇ ಮಾರಿದ ಧ್ವನಿಮುದ್ರಿಕೆಗೆ ಆ ಪ್ರಶಸ್ತಿ ಸಂದುದು ಅದೇ ಮೊದಲು. ಅದಕ್ಕೂ ಮುಂಚೆ, 2001ರಲ್ಲಿ, ಇಂಗ್ಲೆಂಡಿನ ಮರಿಲಿಯನ್ ಎಂಬ ವಾದ್ಯಮೇಳದವರು ಸುಮಾರು 12,000 ಕೇಳುಗರಿಂದ ಮೊದಲೇ ಬೆಲೆ ಪಡೆದು ತಮ್ಮ ಆಲ್ಬಮ್ಮನ್ನು ಸಿದ್ಧಗೊಳಿಸಿದ್ದರು. ಹನಿಗೂಡಿದರೆ ಹಳ್ಳವೆಂಬ ಗಾದೆಗೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಇಷ್ಟರಿಂದ ಒಂದು ಪಕ್ಷದ ಖಂಡನೆಯಾಯಿತು. ಆದರೆ ಇದಕ್ಕೆ ಇದಿರಾದ ಮತ್ತೊಂದು ಪಕ್ಷವುಂಟು. ಅದು ಮೊದಲನೆಯದಕ್ಕಿಂತ ಅಪಾಯಕರ. “ಜನರು ಪ್ರೀತಿಯಿಂದ ಕೊಟ್ಟದ್ದು, ಪ್ರೀತಿಯ ಹಣಕ್ಕೆ ಲೆಕ್ಕವೇಕೆ?” ಎನ್ನುವವರೇ ಆ ಪಕ್ಷದವರು. ಭಿಕ್ಷೆಯೆನ್ನುವವರೂ ಪ್ರೀತಿಯೆನ್ನುವವರೂ ಹೊರನೋಟಕ್ಕೆ ವಿರೋಧಿಗಳಾದರೂ ಒಳಗೆ ಒಂದೇ ತಪ್ಪನ್ನು ಮಾಡುತ್ತಾರೆ. ಇಬ್ಬರೂ ವಂತಿಗೆಯನ್ನು ದಾನವೆಂದು ಭ್ರಮಿಸುತ್ತಾರೆ. ಒಬ್ಬರು ಅದರಿಂದ ಪಡೆದವನನ್ನು ಹೀನನನ್ನಾಗಿ ಮಾಡುತ್ತಾರೆ. ಮತ್ತೊಬ್ಬರು ಅವನನ್ನು ಋಣಮುಕ್ತನನ್ನಾಗಿ ಮಾಡುತ್ತಾರೆ.

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ವ್ಯವಹಾರದ ಹದಿನೆಂಟು ವಿವಾದಪದಗಳನ್ನು ಎಣಿಸಿದ್ದಾರೆ. ಆ ಗ್ರಂಥದ ಇತರ ವಿಧಿಗಳನ್ನು ಒಪ್ಪದವರೂ ಈ ವಿಂಗಡಣೆಯ ಸೂಕ್ಷ್ಮತೆಯನ್ನು ಒಪ್ಪಬಹುದು. ಅದರಲ್ಲಿ ಸಂಭೂಯಸಮುತ್ಥಾನವೆಂದರೆ ಹಲವರು ಬಂಡವಾಳ ಕೂಡಿಸಿ ಲಾಭವನ್ನು ಹಂಚಿಕೊಳ್ಳುವ ಕೂಟವ್ಯಾಪಾರ. ವಂತಿಗೆ ಕೊಟ್ಟ ಕೇಳುಗನು ಲಾಭದಲ್ಲಿ ಪಾಲು ಕೇಳುವುದಿಲ್ಲವಾದ್ದರಿಂದ ಇದು ಅದಲ್ಲ. ನಿಕ್ಷೇಪವೆಂದರೆ ನಂಬಿ ಒಬ್ಬನ ವಶಕ್ಕೆ ಒಪ್ಪಿಸಿದ ಧನ. ವಂತಿಗೆಯು ಈ ಜಾತಿಗೆ ಸೇರಿದುದು. ಮಾತುಕೊಟ್ಟ ಕೃತಿಯು ಕೊಟ್ಟವನ ಕೈ ಸೇರುವ ಪರ್ಯಂತ ಆ ಧನವು ಪಡೆದವನಲ್ಲಿ ನಂಬಿಕೆಯ ಗಂಟಾಗಿ ಇರತಕ್ಕದ್ದು. ಹೀಗೆಂದಮೇಲೆ ಪಡೆದವನು ಭಿಕ್ಷುಕನೂ ಆಗಲಾರನು, ಲೆಕ್ಕ ಕೊಡದೆ ಇರಲೂ ಆರನು. ಗೌರವವೂ ಹೊಣೆಯೂ ಒಂದೇ ನಾಣ್ಯದೊಡನೆ ಅವನ ಕೈಗೆ ಬರುತ್ತವೆ.

ಈ ಹೊಣೆ ತಪ್ಪಿದರೆ ಏನಾಗುವುದೆಂಬುದಕ್ಕೂ ದೃಷ್ಟಾಂತಗಳಿವೆ. ಬ್ರಿಟನ್ನಿನಲ್ಲಿ 2009ರಲ್ಲಿ ಆರಂಭವಾದ ಪ್ಲೆಜ್‌ಮ್ಯೂಸಿಕ್ ಎಂಬ ಮಧ್ಯಸ್ಥ ಸಂಸ್ಥೆಯು ಕೇಳುಗರ ಹಣವನ್ನು ತಾನು ಪಡೆದು, ನೂರಕ್ಕೆ 15ರಂತೆ ತನ್ನ ದಳ್ಳಾಳಿಯನ್ನು ಕಳೆದು, ಉಳಿದುದನ್ನು ಸಂಗೀತಗಾರರಿಗೆ ಮುಟ್ಟಿಸುತ್ತಿದ್ದಿತು. 2019ರಲ್ಲಿ ಅದು ದಿವಾಳಿಯೆದ್ದು, ಆ ವರ್ಷದ ಜುಲೈ ತಿಂಗಳಲ್ಲಿ ನ್ಯಾಯಾಲಯದ ಆಜ್ಞೆಯಿಂದ ಮುಚ್ಚಿಹೋಯಿತು. ಕೇಳುಗರು ಕೊಟ್ಟ ಹಣವು ಎಷ್ಟೋ ಮಂದಿ ಸಂಗೀತಗಾರರ ಕೈ ಸೇರಲೇ ಇಲ್ಲ. ಕೆಲವರು ಹಣ ಬಾರದಿದ್ದರೂ ಕೊಟ್ಟ ಮಾತಿಗಾಗಿ ಸ್ವಂತ ವೆಚ್ಚದಿಂದ ಧ್ವನಿಮುದ್ರಿಕೆಗಳನ್ನು ಕಳುಹಿಸಿಕೊಟ್ಟರು. ಅವರ ಸತ್ಯನಿಷ್ಠೆ ಶ್ಲಾಘ್ಯ. ಆದರೆ ನಿಕ್ಷೇಪದ ಗಂಟನ್ನು ಮನೆಯ ಖರ್ಚಿನ ಗಂಟಿನೊಡನೆ ಬೆರೆಸಲು ಮಧ್ಯಸ್ಥನಿಗೆ ಅವಕಾಶವಿರುವ ತನಕ ಈ ಗತಿ ತಪ್ಪಿದುದಲ್ಲ.

ಮತ್ತೊಂದು ದೃಷ್ಟಾಂತ. ಅಮೆರಿಕದ ಅಮಾಂಡಾ ಪಾಮರ್ ಎಂಬ ಗಾಯಕಿಯು 2012ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಸಂಸ್ಥೆಯ ಮೂಲಕ ತನ್ನ ಆಲ್ಬಮ್ಮಿಗಾಗಿ 1,00,000 ಡಾಲರುಗಳನ್ನು ಅಪೇಕ್ಷಿಸಿದಳು. 24,883 ಮಂದಿ ಸೇರಿ ಸುಮಾರು 12 ಲಕ್ಷ ಡಾಲರುಗಳನ್ನು ಕೊಟ್ಟರು. ಇಷ್ಟು ಹಣ ಕೂಡಿದ ಮೇಲೆ, ಸಂಚಾರದ ಕಚೇರಿಗಳಲ್ಲಿ ತನ್ನೊಡನೆ ನುಡಿಸಲು ಊರೂರಿನ ವಾದಕರು ಸಂಬಳವಿಲ್ಲದೆ ಬರಬೇಕೆಂದೂ, ಅವರಿಗೆ ಬಿಯರೂ ಆಲಿಂಗನವೂ ದೊರೆಯುವುವೆಂದೂ ಆಕೆ ಪ್ರಕಟಿಸಿದಳು. ವೃತ್ತಿನಿರತ ವಾದಕರು ಪ್ರತಿಭಟಿಸಿದುದರಿಂದ ಅದೇ ವರ್ಷ ಅವರಿಗೆ ಹಣ ಕೊಡಲು ಒಪ್ಪಿದಳು. ಮೇಲೆ ಹೇಳಿದ ಹದಿನೆಂಟರಲ್ಲಿ ವೇತನಾದಾನವೆಂಬುದೂ ಒಂದು. ದುಡಿದವನಿಗೆ ಕೂಲಿ ಕೊಡದಿರುವುದೆಂದು ಅದರ ಅರ್ಥ. ಕಂಪೆನಿಯ ದಬ್ಬಾಳಿಕೆಯಿಂದ ಬಿಡಿಸಿಕೊಂಡವರು ತಾವೇ ಕಿರಿಯ ಕಂಪೆನಿಯಾದರೆ ಕೇಳುಗರ ವಂತಿಗೆಯು ಯಾವ ಧರ್ಮವನ್ನು ಸಾಧಿಸಿದಂತಾಯಿತು? ಮುಖ್ಯ ಗಾಯಕನ ಹೆಸರಿಗೆ ಬಂದ ಹಣದಲ್ಲಿ ಪಕ್ಕವಾದ್ಯದವನ ಸಂಭಾವನೆಯೂ, ಮುದ್ರಣಶಾಲೆಯಲ್ಲಿ ರಾತ್ರಿಯೆಲ್ಲ ಕುಳಿತವನ ಕೂಲಿಯೂ ಮೊದಲೇ ಎಣಿಕೆಗೆ ಬಂದಿರಬೇಕು.

ಆದುದರಿಂದ ವಂತಿಗೆ ಎತ್ತುವ ಸಂಗೀತಗಾರನು ನಾಲ್ಕು ಸಂಗತಿಗಳನ್ನು ಮೊದಲೇ ಸಾರಿ ಹೇಳಲಿ: ಒಟ್ಟು ವೆಚ್ಚವೆಷ್ಟು, ಅದರಲ್ಲಿ ಯಾರಿಗೆ ಎಷ್ಟು ಸಲ್ಲುವುದು, ಕೃತಿಯು ಯಾವಾಗ ಕೈ ಸೇರುವುದು, ಸೇರದಿದ್ದರೆ ಹಣದ ಗತಿಯೇನು. ಮಧ್ಯಸ್ಥನು ಪರರ ಹಣವನ್ನು ಬೇರೆಯೇ ಖಾತೆಯಲ್ಲಿರಿಸಲಿ. ಗೊತ್ತುಮಾಡಿದ ಮೊತ್ತವು ಪೂರ್ತಿಯಾಗಿ ಕೂಡದಿದ್ದಲ್ಲಿ ಯಾರಿಂದಲೂ ಹಣ ಪಡೆಯದ ಕಿಕ್‌ಸ್ಟಾರ್ಟರಿನ ನಿಯಮವು ಅನುಕರಣೀಯ. ಅರ್ಧ ಹಣದಲ್ಲಿ ಅರ್ಧ ಕೃತಿ ಮಾಡಿ ಇಬ್ಬರೂ ಕೆಡುವುದಕ್ಕಿಂತ ಅದು ಲೇಸು.

ಕೇಳುಗನಿಗೂ ಧರ್ಮವುಂಟು. ಮರಿಯಾ ಶ್ನೈಡರ್ 2014ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಉಪಸಮಿತಿಯೊಂದರ ಮುಂದೆ, ತನ್ನ ಕೃತಿಗಳನ್ನು ಅನುಮತಿಯಿಲ್ಲದೆ ಅಂತರ್ಜಾಲದಲ್ಲಿ ಹರಡುತ್ತಿರುವರೆಂದೂ, ಒಂದು ಕಡೆ ತೆಗೆಸಿದರೆ ಮತ್ತೊಂದು ಕಡೆ ತಲೆಯೆತ್ತುವುವೆಂದೂ ಸಾಕ್ಷ್ಯ ನುಡಿದಳು. ಒಡೆಯನಲ್ಲದವನು ಮಾರುವುದಕ್ಕೆ ಶಾಸ್ತ್ರದಲ್ಲಿ ಅಸ್ವಾಮಿವಿಕ್ರಯವೆಂದು ಹೆಸರು. ಒಡೆಯನಲ್ಲದವನು ಪುಕ್ಕಟೆಯಾಗಿ ಹಂಚಿದರೂ ಒಡೆಯನಿಗಾಗುವ ನಷ್ಟ ಅಷ್ಟೇ. ಕೃತಿಯನ್ನು ಕೊಂಡು ಹತ್ತು ಮಂದಿಗೆ ಹಂಚಿ, ಅದನ್ನೇ ಕಲಾಪ್ರೇಮವೆನ್ನುವವನು ತನ್ನ ವಂತಿಗೆಯನ್ನು ತಾನೇ ಕದ್ದವನು.

ಅರಸರು ಹೋದರು, ಅವರೊಡನೆ ಆಸ್ಥಾನದ ಪೋಷಣೆಯೂ ಹೋಯಿತು. ಕಂಪೆನಿಗಳು ಪೋಷಿಸುವುದು ಮಾರಾಟವಾಗುವುದನ್ನು ಮಾತ್ರ. ಇವೆರಡರ ನಡುವೆ ಹಾಡಬೇಕಾದವನ ಪಾಲಿಗೆ ಉಳಿದಿರುವವನು ಕೇಳುವವನೊಬ್ಬನೇ. ಅವನು ಮುಂಗಡವಾಗಿ ಕೊಡುವ ನೂರು ರೂಪಾಯಿಯಲ್ಲಿ ಕರುಣೆ ಬೇಡ, ಔದಾರ್ಯದ ಹೆಮ್ಮೆಯೂ ಬೇಡ. ಅದು ನ್ಯಾಯವಾದ ಬೆಲೆಯೆಂಬ ಅರಿವು ಕೊಡುವವನಿಗಿರಲಿ, ತೀರಿಸಬೇಕಾದ ಮಾತೆಂಬ ಅರಿವು ಪಡೆಯುವವನಿಗಿರಲಿ. ಈ ಎರಡು ಅರಿವುಗಳಿದ್ದಲ್ಲಿ ಜೋಳಿಗೆಯ ಮಾತಿಗೆ ಎಡೆಯೇ ಇಲ್ಲ.