ಯಂತ್ರ ವಿಚಾರ: ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಗಾಡಿಯ ಕಾಲದ್ದಾದರೂ ಕಾರಿನ ಕಾಲದಲ್ಲಿಯೂ ಸವೆದಿಲ್ಲ. ಗುಂಡಿಯನ್ನು ಒತ್ತಿದೊಡನೆ ಕಾರಿನ ಮೂರು ಬಾಗಿಲುಗಳ ಚಿಲಕ ಮಾತು ಕೇಳುತ್ತದೆ. ನಾಲ್ಕನೆಯದು ಮುನಿಸಿಕೊಂಡು ಕುಳಿತಿದೆ. ಗ್ಯಾರೇಜಿನಲ್ಲಿ ಆ ಬಾಗಿಲಿನ ಚಿಲಕವನ್ನೇ ಬಿಚ್ಚಿ ಹೊಸದನ್ನು ಹಾಕುತ್ತಾರೆ. ಹಣ ಹೋಯಿತು, ಬಾಗಿಲು ಹಿಂದಿನಂತೆಯೇ ಇದೆ. ಜ್ವರ ಬಂದುದು ತಂತಿಗೆ, ಬರೆ ಬಿದ್ದುದು ಚಿಲಕಕ್ಕೆ!

ಈ ಚಿಲಕದ ಒಳಗುಟ್ಟು ಬಹಳ ಸರಳವಾದುದು. ಬಾಗಿಲಿನ ಹೊಟ್ಟೆಯೊಳಗೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ವಿದ್ಯುತ್ ಮೋಟಾರು, ಅದರೊಡನೆ ಒಂದೆರಡು ಪ್ಲಾಸ್ಟಿಕ್ ಹಲ್ಲುಚಕ್ರಗಳು. ಸಾಮಾನ್ಯವಾದ ಕಾರುಗಳಲ್ಲಿ ಈ ಮೋಟಾರಿಗೆ ಬರುವ ತಂತಿಗಳು ಎರಡೇ. ವಿದ್ಯುತ್ತು ಒಂದು ದಿಕ್ಕಿನಲ್ಲಿ ಹರಿದರೆ ಚಿಲಕ ಬೀಳುತ್ತದೆ. ದಿಕ್ಕು ಬದಲಾದರೆ ತೆರೆಯುತ್ತದೆ. ದಿಕ್ಕು ಬದಲಿಸುವ ಕೆಲಸ ನಿಯಂತ್ರಣ ಪೆಟ್ಟಿಗೆಯ ರಿಲೇಗಳದು. ಇಷ್ಟೆಲ್ಲವೂ ಒಂದು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ.

ಒಳ್ಳೆಯ ವೈದ್ಯನು ಕತ್ತಿ ಹಿಡಿಯುವ ಮುನ್ನ ರೋಗಿಯನ್ನು ಮಾತನಾಡಿಸುತ್ತಾನೆ. ಇಲ್ಲಿಯೂ ಮೂರು ಪ್ರಶ್ನೆಗಳನ್ನು ಕೇಳಬೇಕು.

ಮೊದಲನೆಯದು: ಕೆಟ್ಟಿರುವುದು ಒಂದು ಬಾಗಿಲೋ, ಎಲ್ಲವೂ? ಎಲ್ಲವೂ ಒಟ್ಟಿಗೆ ನಿಂತಿದ್ದರೆ ಚಿಲಕಗಳನ್ನು ಶಂಕಿಸಬೇಕಾಗಿಲ್ಲ. ಫ್ಯೂಸು, ಬ್ಯಾಟರಿ, ನಿಯಂತ್ರಣ ಪೆಟ್ಟಿಗೆ ಇವುಗಳನ್ನು ನೋಡಬೇಕು.

ಎರಡನೆಯದು: ಗುಂಡಿ ಒತ್ತಿದಾಗ ಬಾಗಿಲಿನೊಳಗೆ ಸದ್ದಾಗುವುದೋ? ಮೋಟಾರು ಗುರ್ರೆಂದು ತಿರುಗಿಯೂ ಚಿಲಕ ಕದಲದಿದ್ದರೆ ಹಲ್ಲುಚಕ್ರ ಮುರಿದಿರಬಹುದು, ಇಲ್ಲವೆ ಸರಳು ಕಳಚಿರಬಹುದು. ಅಲ್ಲಿ ವಿದ್ಯುತ್ತಿನ ತಪ್ಪಿಲ್ಲ. ಸದ್ದೇ ಇಲ್ಲದಿದ್ದರೆ ವಿದ್ಯುತ್ತಿನ ಜಾಡು ಹಿಡಿಯಬೇಕು.

ಮೂರನೆಯದು: ಚಿಲಕ ಒಂದೇ ಕಡೆಗೆ ಕೆಲಸ ಮಾಡುವುದೋ? ಬೀಳುತ್ತದೆ, ಆದರೆ ತೆರೆಯುವುದಿಲ್ಲವೆಂದರೆ ಮೋಟಾರಿಗೂ ಅದರ ತಂತಿಗಳಿಗೂ ಜೀವವಿದೆಯೆಂದೇ ಅರ್ಥ. ಎರಡು ಕೆಲಸಕ್ಕೂ ಇರುವುದು ಅದೇ ಎರಡು ತಂತಿಗಳಲ್ಲವೆ? ಆಗ ಸ್ವಿಚ್ಚು, ರಿಲೇ ಅಥವಾ ಜಿಡ್ಡುಗಟ್ಟಿ ಬಿಗಿದ ಚಿಲಕದ ಕಡೆಗೆ ದೃಷ್ಟಿ ಹರಿಸಬೇಕು.

ಒಂದೇ ಬಾಗಿಲು, ಸದ್ದೂ ಇಲ್ಲವೆಂದಾದರೆ ಎಲ್ಲಕ್ಕಿಂತ ಮೊದಲು ಬಾಗಿಲ ಕೀಲುಗಳ ನಡುವೆ ಕಣ್ಣಿಡಿ. ಅಲ್ಲಿ ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರಿನ ಕೊಳವೆಯೊಂದಿದೆ. ಕಾರಿನ ಮೈಯಿಂದ ಬಾಗಿಲಿಗೆ ಹೋಗುವ ತಂತಿಗಳೆಲ್ಲವೂ ಅದರೊಳಗೇ ಸಾಗುತ್ತವೆ. ಬಾಗಿಲು ತೆರೆದಾಗಲೊಮ್ಮೆ, ಮುಚ್ಚಿದಾಗಲೊಮ್ಮೆ ಅವು ಬಾಗುತ್ತವೆ. ವರ್ಷಗಟ್ಟಲೆ ಹೀಗೆ ಬಾಗಿದ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಹೊರಗಿನ ಹೊದಿಕೆ ಮಾತ್ರ ಹಾಗೆಯೇ ಉಳಿದಿರುವುದುಂಟು. ಬಾಗಿಲು ತೆರೆದಿರುವಾಗ ಮೋಟಾರು ತಿರುಗಿ, ಮುಚ್ಚಿದಾಗ ನಿಂತುಬಿಟ್ಟರೆ, ಅಥವಾ ಆ ಕೊಳವೆಯನ್ನು ಅಲುಗಿಸಿದಾಗ ಚಿಲಕಕ್ಕೆ ಜೀವ ಬಂದರೆ ಕಳ್ಳನು ಅಲ್ಲಿಯೇ ಇದ್ದಾನೆಂದು ತಿಳಿಯಬಹುದು.

ಮೀಟರು ಹಿಡಿದವರೂ ಮೋಸಹೋಗುವುದು ಈ ಸ್ಥಳದಲ್ಲಿಯೇ. ಮೋಟಾರಿನ ತಂತಿಯನ್ನು ಕಳಚಿ, ಇನ್ನೊಬ್ಬರಿಂದ ಗುಂಡಿ ಒತ್ತಿಸಿ ಅಳೆಯುತ್ತಾರೆ. ಮೀಟರು 12 ವೋಲ್ಟ್ ತೋರಿಸುತ್ತದೆ. ‘ತಂತಿ ಸರಿಯಾಗಿದೆ, ಚಿಲಕವೇ ಕೆಟ್ಟಿದೆ’ ಎಂಬ ತೀರ್ಪು ಹೊರಬೀಳುತ್ತದೆ. ಆದರೆ ಮೀಟರು ಎಳೆದುಕೊಳ್ಳುವ ವಿದ್ಯುತ್ತು ಎಷ್ಟು? ಸಾಧಾರಣ ಡಿಜಿಟಲ್ ಮೀಟರಾದರೆ ಆಂಪಿಯರಿನ ಹತ್ತು ಲಕ್ಷದಲ್ಲಿ ಸುಮಾರು ಒಂದು ಪಾಲು! ಮೋಟಾರಿಗೆ ಬೇಕಾದುದು ಕೆಲವು ಆಂಪಿಯರು. ಎಳೆಗಳೆಲ್ಲ ಹರಿದು ಒಂದೇ ಎಳೆ ಉಳಿದಿರುವ ಸೇತುವೆಯನ್ನು ಇರುವೆ ದಾಟೀತು, ಆನೆ ದಾಟೀತೆ? ತಂತಿಯಲ್ಲಿ ಒಂದೇ ಓಮ್ ಅಡ್ಡಿಯಿದ್ದು 4 ಆಂಪಿಯರ್ ಹರಿಯಬೇಕಾದರೆ 4 ವೋಲ್ಟು ದಾರಿಯಲ್ಲಿಯೇ ಕಳೆದುಹೋಗುತ್ತದೆ.

ಆದುದರಿಂದ ತಂತಿಗೆ ಹೊರೆ ಹೊರಿಸಿಯೇ ಪರೀಕ್ಷಿಸಬೇಕು. ಮೋಟಾರಿನ ಬದಲಿಗೆ ಬ್ರೇಕ್ ದೀಪದ 21 ವಾಟಿನ ಬಲ್ಬನ್ನು ಆ ಎರಡು ತಂತಿಗಳಿಗೆ ಸೇರಿಸಿರಿ. ಅದು ಸುಮಾರು ಒಂದೂ ಮುಕ್ಕಾಲು ಆಂಪಿಯರ್ ಕುಡಿಯುತ್ತದೆ. ಗುಂಡಿ ಒತ್ತಿದಾಗ ಬಲ್ಬು ಝಗ್ಗನೆ ಬೆಳಗಿದರೆ ತಂತಿ ನಿರಪರಾಧಿ, ಮೋಟಾರೇ ಅಪರಾಧಿ. ಮಂಕಾಗಿ ಮಿನುಗಿದರೆ, ಅಥವಾ ಬೆಳಗದಿದ್ದರೆ, ಹೊಸ ಚಿಲಕ ತಂದು ಫಲವಿಲ್ಲ. ಈ ಬಲ್ಬನ್ನು ಮೋಟಾರಿನ ತಂತಿಗಳಿಗೆ ಮಾತ್ರ ಹಿಡಿಯಬೇಕು. ನಿಯಂತ್ರಣ ಪೆಟ್ಟಿಗೆಗೆ ಸುದ್ದಿ ಒಯ್ಯುವ ತೆಳು ತಂತಿಗಳಿಗೆ ಹಿಡಿದರೆ ಪೆಟ್ಟಿಗೆಯೇ ಸುಟ್ಟೀತು. ಬಾಗಿಲಿನಲ್ಲಿ ಏರ್‌ಬ್ಯಾಗಿಗೆ ಸಂಬಂಧಿಸಿದ ಹಳದಿ ತಂತಿಗಳಿದ್ದರೆ ಅವುಗಳನ್ನು ಮುಟ್ಟಲೇಬಾರದು.

ತುಂಡಾದ ತಂತಿಯನ್ನು ಬಾಗುವ ಜಾಗದಲ್ಲಿಯೇ ಬೆಸೆಯುವುದು ಹಲವರ ರೂಢಿ. ಬೆಸುಗೆ ತಂತಿಯನ್ನು ಕಡ್ಡಿಯಂತೆ ಗಡುಸಾಗಿಸುವುದರಿಂದ ಅದು ಕೆಲವು ದಿನಗಳಲ್ಲಿ ಪಕ್ಕದಲ್ಲಿಯೇ ಮತ್ತೆ ಮುರಿಯುತ್ತದೆ. ಕೊಳವೆಯ ಆಚೆಗೂ ಈಚೆಗೂ ಮುಟ್ಟುವಷ್ಟು ಉದ್ದದ, ಮೆದುವಾಗಿ ಬಾಗುವ ಹೊಸ ತಂತಿಯನ್ನು ಹಾಕಿ, ಜೋಡಣೆಗಳನ್ನು ಕೊಳವೆಯ ಹೊರಗಿಡುವುದೇ ಸರಿಯಾದ ಚಿಕಿತ್ಸೆ.

ಇದನ್ನು ಕೇವಲ ಹಣದ ಪ್ರಶ್ನೆಯೆಂದು ಭಾವಿಸಬಾರದು. ಅಮೆರಿಕದಲ್ಲಿ 2025ರ ಜೂನ್ ತಿಂಗಳಲ್ಲಿ ಫೋರ್ಡ್ ಸಂಸ್ಥೆ ತನ್ನ ಮಸ್ಟಾಂಗ್ ಮಾಕ್-ಇ ಎಂಬ ವಿದ್ಯುತ್ ಕಾರುಗಳಲ್ಲಿ 1,97,000ಕ್ಕೂ ಹೆಚ್ಚನ್ನು ದುರಸ್ತಿಗೆ ಹಿಂದಕ್ಕೆ ಕರೆಯಿತು. ಆ ಕಾರಿನ 12 ವೋಲ್ಟಿನ ಚಿಕ್ಕ ಬ್ಯಾಟರಿ ಬಲಗುಂದಿದರೆ, ಮುಂದೆ ಕುಳಿತವರು ಇಳಿದು ಬಾಗಿಲು ಮುಚ್ಚಿದ ಮೇಲೆ ವಿದ್ಯುತ್ ಚಿಲಕ ಹೊರಗಿನಿಂದ ತೆರೆಯದೆ ಹೋಗಬಹುದಾಗಿತ್ತು. ಒಳಗಿನ ಹಿಡಿಕೆಯೇನೋ ಕೆಲಸ ಮಾಡುತ್ತಿತ್ತು; ಆದರೆ ಹಿಂದಿನ ಆಸನದಲ್ಲಿ ಪಟ್ಟಿ ಬಿಗಿದು ಕೂರಿಸಿದ ಕೂಸು ಅದನ್ನು ಎಳೆಯಬಲ್ಲುದೆ? ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರು ಕೆಲವೇ ನಿಮಿಷಗಳಲ್ಲಿ ಕುಲುಮೆಯಾಗುತ್ತದೆ.

ಕಾರುಳ್ಳ ವಾಚಕರು ಇಂದೇ ಮಾಡಬಹುದಾದ ಕೆಲಸವೊಂದಿದೆ. ವಿದ್ಯುತ್ತಿಲ್ಲದೆ ಕೈಯಿಂದಲೇ ಬಾಗಿಲು ತೆರೆಯುವ ಉಪಾಯ ನಿಮ್ಮ ಕಾರಿನಲ್ಲಿ ಎಲ್ಲಿದೆ, ರಿಮೋಟಿನೊಳಗೆ ಅಡಗಿಸಿಟ್ಟ ಲೋಹದ ಕೀಲಿಯನ್ನು ಹೊರಕ್ಕೆ ತೆಗೆಯುವುದು ಹೇಗೆ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ಓದಿ, ಒಮ್ಮೆ ಮಾಡಿ ನೋಡಿ, ಮನೆಯವರಿಗೆಲ್ಲ ಕಲಿಸಿರಿ. ಒಂದು ಬಾಗಿಲು ಆಗಾಗ ಮುಷ್ಕರ ಹೂಡುತ್ತಿದ್ದರೆ ನಾಳೆ ನೋಡೋಣವೆಂದು ತಳ್ಳಬೇಡಿರಿ. ಪೂರ್ತಿ ಹರಿಯುವ ಮುನ್ನ ತಂತಿ ಕೊಡುವ ಎಚ್ಚರಿಕೆ ಅದೊಂದೇ.