ಜಿಲ್ಲಾ ವಿಪತ್ತು ನಿರ್ವಹಣಾ ಯೋಜನೆಯಲ್ಲಿ ಜನಪದ ಮೇಳಗಳಿಗೆ ಸ್ಥಾನ ಕೋರಿ ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ, ವಿಜಯಪುರ.

ಇವರಿಂದ: ತಾಂಬಾ ಹಾಗೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಜನಪದ ಕಲಾವಿದರು ಮತ್ತು ಕಲಾಸಕ್ತ ನಾಗರಿಕರು.

ವಿಷಯ: ಬರ, ಪ್ರವಾಹ, ಸಾಂಕ್ರಾಮಿಕ ರೋಗಗಳ ಕಾಲದ ಪರಿಹಾರ ಕಾರ್ಯದಲ್ಲಿ ಗ್ರಾಮೀಣ ಕಲಾಮೇಳಗಳನ್ನು ಸೇರಿಸಿಕೊಳ್ಳುವ ಕುರಿತು.

ಮಾನ್ಯರೆ,

ಬರ ನಮ್ಮ ಜಿಲ್ಲೆಗೆ ಹೊಸದಲ್ಲ. 1791–92ರ ಡೋಗಿ ಬರ, 1876–78ರ ಮಹಾ ಬರ, 1972ರ ಬರ, ಇವನ್ನೆಲ್ಲ ಈ ನೆಲ ಉಂಡಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅದಕ್ಕೂ ಮೂರು ವರ್ಷ ಮೊದಲು, 2020ರ ಅಕ್ಟೋಬರಿನಲ್ಲಿ, ಭೀಮಾ ಹೊಳೆ ಉಕ್ಕಿ ದಂಡೆಯ ಊರವರು ಕಾಳಜಿ ಕೇಂದ್ರ ಸೇರಿದ್ದರು. ಆಗ ಕೋವಿಡ್ ಕೂಡ ಬೆನ್ನು ಬಿಟ್ಟಿರಲಿಲ್ಲ. ಇಂಥ ಹೊತ್ತಿನಲ್ಲಿ ಸರ್ಕಾರ ಟ್ಯಾಂಕರ್ ನೀರು, ಮೇವು, ಊಟ, ಬೆಳೆ ಪರಿಹಾರ ಒದಗಿಸುತ್ತದೆ. ಅದಕ್ಕೆ ನಾವು ಕೃತಜ್ಞರು. ಆದರೆ ಪರಿಹಾರ ಬಂದು ಮುಟ್ಟುವ ಮೊದಲೂ, ಅದು ಮುಗಿದ ಮೇಲೂ ಊರು ಒಡೆಯದಂತೆ ಹಿಡಿದಿಡುವ ಕೆಲಸವನ್ನು ಊರೇ ಮಾಡಿಕೊಳ್ಳಬೇಕು. ಆ ಕೆಲಸಕ್ಕೆ ಬೇಕಾದ ರೂಢಿಯನ್ನು ನಮ್ಮ ಹಾಡು, ಆಟ, ಮೇಳಗಳು ತಲೆಮಾರುಗಳಿಂದ ಕಲಿಸುತ್ತ ಬಂದಿವೆ. ಆದ್ದರಿಂದ ಅವುಗಳಿಗೆ ವಿಪತ್ತು ನಿರ್ವಹಣಾ ಯೋಜನೆಯಲ್ಲಿ ಸ್ಪಷ್ಟ ಸ್ಥಾನ ಸಿಗಬೇಕೆಂಬುದು ನಮ್ಮ ಮನವಿ.

ಮೇಳಗಳು ಮಾಡುವ ಮೊದಲ ಕೆಲಸ ಊರನ್ನು ಕೂಡಿಸುವುದು. ಮಳೆ ಕೈಕೊಟ್ಟ ವರ್ಷ ನಮ್ಮ ಸೀಮೆಯ ಊರುಗಳಲ್ಲಿ ಗುರ್ಚಿ ಹೊರಡುವುದನ್ನು ತಾವು ಬಲ್ಲಿರಿ. ರೊಟ್ಟಿಯ ಹಂಚಿನ ಮೇಲೆ ಸಗಣಿಯ ಗುರ್ಚಿಯನ್ನಿಟ್ಟು, ಗರಿಕೆ ಚುಚ್ಚಿ, ಹುಡುಗನೊಬ್ಬ ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾನೆ. ಜೊತೆಗಾರರು ಹಾಡುತ್ತಾರೆ. ಮನೆಯಾಕೆ ನೀರು ಸುರಿದು, ಜೋಳವನ್ನೋ ಹಿಟ್ಟನ್ನೋ ನೀಡುತ್ತಾಳೆ. ಹಾಗೆ ಕೂಡಿದ್ದನ್ನು ಅಡುಗೆ ಮಾಡಿ ಎಲ್ಲರೂ ಕೂಡಿ ಉಣ್ಣುತ್ತಾರೆ. ಇದರಿಂದ ಮಳೆ ಬರುತ್ತದೆಂದು ನಾವು ವಾದಿಸುತ್ತಿಲ್ಲ. ಆದರೆ ಯಾರ ಮನೆಯ ಕಾಳು ತೀರಿದೆಯೆಂಬುದು ಬಾಯಿಬಿಟ್ಟು ಕೇಳದೆಯೇ ಊರಿಗೆ ತಿಳಿಯುತ್ತದೆ. ಇದ್ದವರ ಜೋಳ ಇಲ್ಲದವರ ತಾಟು ಸೇರುತ್ತದೆ. ಕೈಯೊಡ್ಡಿದ ನಾಚಿಕೆ ಯಾರಿಗೂ ಇಲ್ಲ. ದೊಡ್ಡಾಟ ಕಟ್ಟುವುದೂ ಇಂಥದೇ ಕೂಡು ದುಡಿಮೆ. ತಿಂಗಳುಗಟ್ಟಲೆ ತಾಲೀಮು ನಡೆಯಬೇಕು, ಪಟ್ಟಿ ಎತ್ತಬೇಕು, ಅಟ್ಟ ಹಾಕಬೇಕು, ಬಂದವರ ಊಟ ನೋಡಬೇಕು. ಮೊಹರಮ್ಮಿನ ರಿವಾಯತ್ ಪದಗಳಿಗೆ ಹಿಂದೂ-ಮುಸ್ಲಿಮರು ಕೂಡಿಯೇ ದನಿಗೂಡಿಸುತ್ತಾರೆ. ಹೊಳೆ ಏರಿದ ರಾತ್ರಿ ಯಾರನ್ನು ಎಬ್ಬಿಸಬೇಕು, ಯಾರ ಟ್ರ್ಯಾಕ್ಟರ್ ಕೇಳಬೇಕು, ಯಾವ ಮನೆಯಲ್ಲಿ ನಡೆಯಲಾರದ ಮುದುಕರಿದ್ದಾರೆ ಎಂಬ ತಿಳಿವಳಿಕೆ ಹುಟ್ಟುವುದು ಇಂಥ ಒಡನಾಟದಲ್ಲಿಯೇ.

ಎರಡನೆಯದು, ನೆನಪು ಉಳಿಸುವ ಕೆಲಸ. ನಮ್ಮ ನೆರೆಯ ಹಲಸಂಗಿಯ ಗೆಳೆಯರ ಬಳಗ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿ, ಓದುಬರಹವಿಲ್ಲದ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಎಷ್ಟೊಂದು ಬಾಳನುಭವವನ್ನು ಕಾಪಿಟ್ಟಿದ್ದಾರೆಂದು ನಾಡಿಗೆ ತೋರಿಸಿತು. ಹಾಡಿನಲ್ಲಿ ಉಳಿದ ನೆನಪು ಜೀವ ಉಳಿಸಬಲ್ಲದು ಎಂಬುದಕ್ಕೆ ಇಂಡೋನೇಷ್ಯಾದ ಸಿಮುಲುಯೆ ದ್ವೀಪ ಸಾಕ್ಷಿ. ಅಲ್ಲಿಯವರು 1907ರ ಸುನಾಮಿಯ ಅನುಭವವನ್ನು ಕಥೆಗಳಲ್ಲಿ, ಹಾಡುಗಳಲ್ಲಿ ಮಕ್ಕಳಿಗೆ ದಾಟಿಸಿದ್ದರು. 2004ರ ಡಿಸೆಂಬರಿನಲ್ಲಿ ಭೂಮಿ ನಡುಗಿದೊಡನೆ ಜನ ಗುಡ್ಡ ಹತ್ತಿದರು. ಸುಮಾರು 78,000 ಜನರಲ್ಲಿ ಸತ್ತವರು ಏಳೇ ಮಂದಿ. ನಮ್ಮ ಗೀಗೀ ಮೇಳಕ್ಕೂ ಅಂಥ ಕಸುವಿದೆ. ದಪ್ಪು, ತುಂತುಣಿ, ತಾಳಗಳ ಜೊತೆ ಮುಂದಿನವರು ಹೇಳಿದ ನುಡಿಯನ್ನು ಹಿಂದಿನವರು ಎತ್ತಿಕೊಳ್ಳುವುದರಿಂದ, ಅಕ್ಷರ ಬಾರದವರೂ ಅದನ್ನು ಬಾಯಲ್ಲಿಟ್ಟುಕೊಂಡೇ ಮನೆಗೆ ಹೋಗುತ್ತಾರೆ. ಪ್ರವಾಹದ ಎಚ್ಚರಿಕೆಗೆ, ಲಸಿಕೆಯ ತಿಳಿವಳಿಕೆಗೆ ಇದಕ್ಕಿಂತ ಹತ್ತಿರದ ದಾರಿ ನಮ್ಮ ಹಳ್ಳಿಗಳಲ್ಲಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆಯೇ ಎಂದು ಕೆಲವರು ಕೇಳಬಹುದು. ಹಿಟ್ಟಿನ ಹಣವನ್ನು ಹಾಡಿಗೆ ತಿರುಗಿಸಿರೆಂದು ನಾವು ಕೇಳುತ್ತಿಲ್ಲ. ಹಿಟ್ಟು ಎಲ್ಲರ ಮನೆಗೂ ಮುಟ್ಟುವಂತೆ ಊರನ್ನು ಕೂಡಿಸುವ ಶಕ್ತಿಯನ್ನು ಬಳಸಿಕೊಳ್ಳಿರೆಂದು ಕೇಳುತ್ತಿದ್ದೇವೆ. ಮನಸ್ಸಿನ ಗಾಯವೂ ವಿಪತ್ತಿನ ಭಾಗವೆಂದು ಒಪ್ಪಿಯೇ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2009ರಲ್ಲಿ ಮನೋಸಾಮಾಜಿಕ ನೆರವಿನ ಮಾರ್ಗಸೂಚಿ ಹೊರಡಿಸಿತು. ಕಾಳಜಿ ಕೇಂದ್ರದಲ್ಲಿ ಸಂಜೆಯ ಭಜನೆ, ಮಕ್ಕಳ ಆಟ-ಹಾಡು ಆ ನೆರವಿನ ಅತಿ ಕಡಿಮೆ ಖರ್ಚಿನ ರೂಪ. ಕಲೆಯ ವಿಷಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಸೇರಿದ್ದೆಂಬ ಮಾತೂ ಇದೆ. ಆ ಇಲಾಖೆಯ ಮಾಸಾಶನ, ಉತ್ಸವಗಳು ಬೇಕೇ ಬೇಕು. ಆದರೆ ವಿಪತ್ತಿನ ಹೊತ್ತಿನ ಆದೇಶ ಹೊರಡುವುದು ತಮ್ಮ ಪ್ರಾಧಿಕಾರದಿಂದ. ಮೇಳಗಳು ಸರ್ಕಾರದ ಪ್ರಚಾರ ತಂಡಗಳಾಗಿಬಿಡುತ್ತವೆಂಬ ಆತಂಕ ಮಾತ್ರ ನಮ್ಮದೂ ಹೌದು. ಆದ್ದರಿಂದ ಮಾಹಿತಿ ಸರಿಯಿರುವಂತೆ ಅಧಿಕಾರಿಗಳು ನೋಡಿಕೊಳ್ಳಲಿ. ಪದ ಕಟ್ಟುವ, ಕುಂದುಕೊರತೆ ಹಾಡಿ ಹೇಳುವ ಸ್ವಾತಂತ್ರ್ಯ ಕಲಾವಿದರಿಗಿರಲಿ. ಜನರ ನೋವನ್ನು ಹೇಳಲಾರದ ಹಾಡನ್ನು ಜನ ನಂಬುವುದಿಲ್ಲ.

ಊರಿಗೆ ಧೈರ್ಯ ತುಂಬುವ ಈ ಕಲಾವಿದರೇ ವಿಪತ್ತಿನಲ್ಲಿ ಮೊದಲು ಸೋಲುತ್ತಾರೆ. ಅವರಲ್ಲಿ ಹೆಚ್ಚಿನವರು ಕೂಲಿಕಾರರು, ಸಣ್ಣ ಹಿಡುವಳಿದಾರರು. ಬರ ಬಿದ್ದರೆ ಗುಳೆ ಹೋಗುವವರಲ್ಲಿ ಅವರೂ ಇದ್ದಾರೆ. ಜಾತ್ರೆ ನಿಂತರೆ ಸಂಭಾವನೆಯೂ ನಿಲ್ಲುತ್ತದೆ. ಕೋವಿಡ್‌ನ ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, ರಾಜ್ಯ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಘೋಷಿಸಿತು. ಕಲೆಯೂ ಜೀವನೋಪಾಯವೆಂದು ಸರ್ಕಾರವೇ ಒಪ್ಪಿದ ಆ ಕ್ರಮ ಒಂದು ಸಲದ ಘೋಷಣೆಯಾಗಿ ನಿಲ್ಲದೆ ಶಾಶ್ವತ ನಿಯಮವಾಗಬೇಕು. ಆದಕಾರಣ ನಮ್ಮ ಬೇಡಿಕೆಗಳು ಇಂತಿವೆ:

1. ವಿಪತ್ತು ನಿರ್ವಹಣಾ ಕಾಯ್ದೆ, 2005ರಂತೆ ಪ್ರತಿವರ್ಷ ಪರಿಷ್ಕರಿಸಬೇಕಾದ ಜಿಲ್ಲಾ ಯೋಜನೆಯಲ್ಲಿ ಕಲಾಮೇಳಗಳ ಪಾತ್ರವನ್ನು ದಾಖಲಿಸಬೇಕು.

2. ಗ್ರಾಮ ಪಂಚಾಯಿತಿವಾರು ಬಯಲಾಟ, ಗೀಗೀ, ಭಜನೆ, ರಿವಾಯತ್, ಡೊಳ್ಳಿನ ಮೇಳಗಳ ಪಟ್ಟಿ ಸಿದ್ಧಪಡಿಸಿ, ಮಳೆಗಾಲಕ್ಕೆ ಮೊದಲು ಅವರಿಗೆ ತರಬೇತಿ ಕೊಡಬೇಕು.

3. ಕಾಳಜಿ ಕೇಂದ್ರಗಳಲ್ಲಿ ಸಂಜೆ ಕಲಾ ಚಟುವಟಿಕೆ ನಡೆಸಿ, ಹಾಡಿದವರಿಗೆ ಗೌರವಧನ ನೀಡಬೇಕು.

4. ವಿಪತ್ತು ಘೋಷಣೆಯಾದೊಡನೆ ಕಲಾವಿದರಿಗೂ ಜೀವನಾಧಾರ ನೆರವು ದೊರಕಬೇಕು. ನೀರಿನಲ್ಲಿ ಹಾಳಾದ ವಾದ್ಯ, ವೇಷಭೂಷಣಗಳನ್ನು ನಷ್ಟದ ಸಮೀಕ್ಷೆಯಲ್ಲಿ ಸೇರಿಸಬೇಕು.

5. ಆಲಮಟ್ಟಿ ಹಿನ್ನೀರಿನ ಪುನರ್ವಸತಿ ಕೇಂದ್ರಗಳೂ ಸೇರಿದಂತೆ ಸ್ಥಳಾಂತರಗೊಂಡ ಪ್ರತಿ ಊರಿನಲ್ಲಿ ಆಟಕ್ಕೆ, ತಾಲೀಮಿಗೆ ಬಯಲು ಕಾಯ್ದಿರಿಸಬೇಕು.

ಇವುಗಳಲ್ಲಿ ಮೊದಲ ಎರಡನ್ನು ತಮ್ಮ ಒಂದು ಸಭೆಯ ನಿರ್ಣಯದಿಂದಲೇ ಆರಂಭಿಸಬಹುದು. ಉಳಿದವನ್ನು ಸರ್ಕಾರಕ್ಕೆ ಶಿಫಾರಸು ಮಾಡಬೇಕು. ಮುಂದಿನ ಸಭೆಯಲ್ಲಿ ಈ ಮನವಿಯನ್ನು ಚರ್ಚೆಗೆ ತೆಗೆದುಕೊಂಡು, ಕಲಾವಿದರ ಪ್ರತಿನಿಧಿಗಳನ್ನೂ ಕರೆಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇವೆ.



ಸ್ಥಳ: ತಾಂಬಾ

ಇಂತಿ ತಮ್ಮ ವಿಶ್ವಾಸಿಗಳು,
ಜನಪದ ಕಲಾವಿದರು ಮತ್ತು ಕಲಾಸಕ್ತ ನಾಗರಿಕರು